ವ್ಯಾಪಾರ ಕೊರತೆ ಮತ್ತು ಊರಿನ ದುಡಿಮೆ: ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳು

ಒಂದು ದೇಶ ಹೊರಗಿನಿಂದ ಕೊಂಡ ಸರಕಿನ ಬೆಲೆ, ಅದು ಹೊರಗೆ ಮಾರಿದ ಸರಕಿನ ಬೆಲೆಗಿಂತ ಹೆಚ್ಚಾದಾಗ ನಡುವಿನ ಅಂತರಕ್ಕೆ ವ್ಯಾಪಾರ ಕೊರತೆ ಎನ್ನುತ್ತಾರೆ. 2024–25ರಲ್ಲಿ ಭಾರತ ಚೀನಾದಿಂದ ಸುಮಾರು 11,345 ಕೋಟಿ ಡಾಲರ್ ಬೆಲೆಯ ಸರಕು ತರಿಸಿಕೊಂಡಿತು. ಅಲ್ಲಿಗೆ ಕಳಿಸಿದ್ದು 1,425 ಕೋಟಿಯದು. ಕೊರತೆ 9,900 ಕೋಟಿ ಡಾಲರ್ ದಾಟಿತು. ಅಮೆರಿಕದ ಪುಸ್ತಕ ತೆರೆದರೆ ಕಥೆ ತಿರುಗುಮುರುಗು: ಅಲ್ಲಿ ಭಾರತವೇ ಕೊರತೆ ತರುವ ದೇಶ. 2024ರಲ್ಲಿ ಭಾರತದೊಡನೆ ಸರಕು ವ್ಯಾಪಾರದಲ್ಲಿ ಅಮೆರಿಕಕ್ಕಾದ ಕೊರತೆ 4,600 ಕೋಟಿ ಡಾಲರಿನ ಹತ್ತಿರ.

ಈ ಅಂಕಿಗಳು ಯಾರ ಕೂಲಿ ಕಿತ್ತುಕೊಂಡವು, ಯಾರ ಕೈಗೆ ಕೂಲಿ ಕೊಟ್ಟವು ಎಂದು ನೋಡಲು ಬಂದರು ಪಟ್ಟಣಕ್ಕೋ ಉಕ್ಕಿನ ನಗರಕ್ಕೋ ಹೋಗಬೇಕಿಲ್ಲ. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಕಂದಾಯ ಉಪವಿಭಾಗ. ಮಧುಗಿರಿಯ ಏಕಶಿಲಾ ಬೆಟ್ಟ, ಮೊಗಲರ ಕಾಲದ ಸುಬಾ ರಾಜಧಾನಿಯಾಗಿದ್ದ ಶಿರಾ, ವರ್ಷದ ಬಹುಪಾಲು ಮರಳೇ ಕಾಣುವ ಜಯಮಂಗಲಿ ನದಿ, ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡಿರುವ ಪಾವಗಡ. ಮಳೆ ಕಡಿಮೆ, ದೊಡ್ಡ ಕಾರ್ಖಾನೆ ಇಲ್ಲ. ಆದರೂ ಇಲ್ಲಿಯ ಕಡಲೆಕಾಯಿಗೆ ಇಂಡೋನೇಷ್ಯಾದ ತಾಳೆ ತೋಟ ಎದುರಾಳಿ, ರೇಷ್ಮೆಗೂಡಿಗೆ ಚೀನಾದ ಗ್ವಾಂಗ್‌ಶಿ ಪ್ರಾಂತ್ಯ ಎದುರಾಳಿ. ಪಾವಗಡದ ತಿರುಮಣಿ ಬಯಲಿನಲ್ಲಿ ನಿಂತಿರುವ ಸೌರ ಫಲಕಗಳಂತೂ ಆಮದಿನ ಕಾಲದ ಕೂಸು. ಇದೇ ಸೀಮೆಯ ಬೋರ್‌ವೆಲ್ ಹೊಲದ ಮಿಡಿಸೌತೆ ಅಮೆರಿಕದವರ ತಟ್ಟೆಗೆ ಹೋಗುತ್ತದೆ. ಕೊರತೆಯ ಎರಡು ಬದಿಯೂ ಒಂದೇ ಉಪವಿಭಾಗದಲ್ಲಿ ಸಿಗುವುದು ಅಪರೂಪ.

ಸಂತೆಯ ಲೆಕ್ಕ

ಕೊರತೆ ಎಂಬ ಪದವೇ ಅರ್ಧ ಗೊಂದಲಕ್ಕೆ ಕಾರಣ. ಶಿರಾ ಕಡೆಯ ಕುರಿಗಾಹಿಯೊಬ್ಬನನ್ನು ತೆಗೆದುಕೊಳ್ಳಿ. ದಿನಸಿ ಅಂಗಡಿಯವನ ಜೊತೆ ಅವನದು ಯಾವತ್ತೂ ಕೊರತೆಯೇ. ಅಂಗಡಿಯವನು ಅವನಿಂದ ಒಂದು ಕುರಿಯನ್ನೂ ಕೊಳ್ಳುವುದಿಲ್ಲ. ಕುರಿ ವ್ಯಾಪಾರಿಯ ಜೊತೆ ಯಾವತ್ತೂ ಮಿಗತೆ. ಹೊಲದಲ್ಲಿ ಮಂದೆ ತರುಬಿ ರಾಗಿ ಪಡೆಯುವ ರೈತನ ಜೊತೆ ಸರಿಗೆ ಸರಿ. ಅಂಗಡಿಯವನೊಬ್ಬನ ಲೆಕ್ಕ ಹಿಡಿದು ಕುರಿಗಾಹಿ ಹಾಳಾದ ಎನ್ನುವವರಿಗೆ ಸಂತೆ ಗೊತ್ತಿಲ್ಲ. ಎಲ್ಲವನ್ನೂ ಕೂಡಿಸಿದ ಮೇಲೂ ಖರ್ಚೇ ಹೆಚ್ಚಾಗಿದ್ದರೆ ಆಗ ವಿಚಾರ ಬೇರೆ; ಅವನು ಸಾಲ ಮಾಡಿದ್ದಾನೆ, ಇಲ್ಲವೇ ಮಂದೆಯನ್ನೇ ಕರಗಿಸುತ್ತಿದ್ದಾನೆ.

ದೇಶಗಳಿಗೂ ಇದೇ ಲೆಕ್ಕ. ಒಂದು ದೇಶದೊಳಗೆ ಆಗುವ ಉಳಿತಾಯಕ್ಕಿಂತ ಹೂಡಿಕೆ ಹೆಚ್ಚಿದ್ದರೆ ಆ ವ್ಯತ್ಯಾಸ ಹೊರಗಿನ ಹಣದಿಂದ ತುಂಬಬೇಕು, ಅದು ಒಟ್ಟು ಕೊರತೆಯಾಗಿ ಕಾಣುತ್ತದೆ. ಹಾಗಾಗಿ ಚೀನಾದೊಂದಿಗಿನ ಕೊರತೆ ಇಷ್ಟು ಎಂದ ಮಾತ್ರಕ್ಕೆ ಇಷ್ಟು ಉದ್ಯೋಗ ಹೋಯಿತು ಎಂದು ಗುಣಿಸಲು ಬರುವುದಿಲ್ಲ. ಅರ್ಥಶಾಸ್ತ್ರಜ್ಞರಲ್ಲಿ ಬಹುಪಾಲು ಜನ ಒಪ್ಪುವ ಮಾತು ಇದು. ಆದರೆ ಮಾತು ಇಲ್ಲಿಗೇ ನಿಂತರೆ ಊರಿಗೆ ಉಪಯೋಗವಿಲ್ಲ. ದೇಶದ ಒಟ್ಟು ಉದ್ಯೋಗ ಅಷ್ಟೇ ಇರಬಹುದು; ಗಾಣದವನ ಕೆಲಸ ಹೋಗಿ ಬಂದರಿನ ಟ್ಯಾಂಕರ್ ಚಾಲಕನಿಗೆ ಕೆಲಸ ಸಿಕ್ಕರೆ ಲೆಕ್ಕ ಸಮ. ಗಾಣದವನು ಮಾತ್ರ ಪಾವಗಡದಲ್ಲೇ ಇದ್ದಾನೆ.

ಕಡಲೆಕಾಯಿ ಮತ್ತು ಪಾಮಾಯಿಲ್

ಪಾವಗಡ, ಶಿರಾ, ಮಧುಗಿರಿಯ ಕೆಂಪು ಮಸಾರಿ ನೆಲಕ್ಕೆ ಕಡಲೆಕಾಯಿ ಹೇಳಿ ಮಾಡಿಸಿದ ಬೆಳೆ. ಪಾವಗಡದಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಅದೂ ನಂಬಿಕೆಯದಲ್ಲ. ಆ ಮಳೆಯಲ್ಲಿ ಕೈಗೆ ನಾಲ್ಕು ಕಾಸು ಕೊಡುವ ಬೆಳೆ ಬೇರೆ ಕಡಿಮೆ. ಪಕ್ಕದ ಅನಂತಪುರ, ಚಳ್ಳಕೆರೆ, ಈ ತಾಲ್ಲೂಕುಗಳು ಸೇರಿ ಒಂದೇ ಕಡಲೆಕಾಯಿ ಸೀಮೆ. ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂದದ್ದು ಇದರಿಂದಲೇ.

ಈ ಬೆಳೆಯ ಹಿಂದೆ ಕೆಲಸದ ದೊಡ್ಡ ಸರಪಳಿ ಇತ್ತು. ಬಿತ್ತನೆಗೆ ಬೀಜ ಒಡೆಯುವುದು ಮನೆಯ ಹೆಂಗಸರ, ಮುದುಕಿಯರ ಕೆಲಸ. ಜಗಲಿಯ ಮೇಲೆ ಕೂತು ಸೇರಿನ ಲೆಕ್ಕದಲ್ಲಿ ಕೂಲಿ. ಆಮೇಲೆ ಕಳೆ, ಗಿಡ ಕೀಳುವುದು, ಕಾಯಿ ಬಿಡಿಸುವುದು, ಒಣಗಿಸುವುದು. ಮಂಡಿಯಲ್ಲಿ ಹಮಾಲಿಗಳು, ಮಿಲ್ಲಿನಲ್ಲಿ ಸುಲಿಯುವ ಮಿಷನ್, ಎಣ್ಣೆ ಹಿಂಡುವ ಮಿಷನ್. ಕೊನೆಗೆ ಉಳಿಯುವ ಹಿಂಡಿ ಎಮ್ಮೆಗೆ. ಮಿಲ್ಲು ನಿಂತರೆ ಎಣ್ಣೆಯ ಜೊತೆ ಹಿಂಡಿಯೂ ನಿಲ್ಲುತ್ತದೆ, ಹಾಲಿನ ಲೆಕ್ಕವೂ ಏರುಪೇರಾಗುತ್ತದೆ. ತಾಳೆ ಎಣ್ಣೆಯ ದಾರಿಯಲ್ಲಿ ಊರಿನ ಕೈಗಳೇ ಇಲ್ಲ: ಹಡಗು, ಬಂದರಿನ ಟ್ಯಾಂಕು, ಸಂಸ್ಕರಣಾ ಘಟಕ, ಪ್ಯಾಕೆಟ್.

1980ರ ದಶಕದಲ್ಲಿ ಖಾದ್ಯ ತೈಲದ ಆಮದು ವಿದೇಶಿ ವಿನಿಮಯವನ್ನು ನುಂಗುತ್ತಿದ್ದಾಗ ಕೇಂದ್ರ ಸರ್ಕಾರ 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ಕರ್ನಾಟಕದಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳ ಅದಕ್ಕೂ ಮೊದಲೇ, 1984ರಲ್ಲಿ ಹುಟ್ಟಿತ್ತು. 1985–86ರಲ್ಲಿ 108 ಲಕ್ಷ ಟನ್ ಇದ್ದ ದೇಶದ ಎಣ್ಣೆಕಾಳು ಉತ್ಪಾದನೆ 1998–99ರಲ್ಲಿ 247 ಲಕ್ಷ ಟನ್‌ಗೆ ಏರಿತು. 1990ರ ದಶಕದ ಆರಂಭದಲ್ಲಂತೂ ದೇಶ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿ.

ಆಮೇಲೆ ಬಾಗಿಲು ತೆರೆಯಿತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು, ಸುಂಕ ಶೇ. 65. ಮರುವರ್ಷ ಶೇ. 30. 1998ರ ಹೊತ್ತಿಗೆ ಶೇ. 15. ನಾಲ್ಕೇ ವರ್ಷದಲ್ಲಿ ಗೋಡೆ ಹೊಸಿಲಾಯಿತು. ನೀತಿ ಆಯೋಗದ 2024ರ ವರದಿಯ ಪ್ರಕಾರ 2022–23ರಲ್ಲಿ ಖಾದ್ಯ ತೈಲದ ಆಮದು 165 ಲಕ್ಷ ಟನ್. ಬೇಡಿಕೆಯಲ್ಲಿ ದೇಶದ ಎಣ್ಣೆ ತುಂಬುವುದು ಶೇ. 40ರಿಂದ 45 ಮಾತ್ರ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ. ಸೋಯಾ ಅರ್ಜೆಂಟೀನಾ, ಬ್ರೆಜಿಲ್‌ನಿಂದ. ಸೂರ್ಯಕಾಂತಿ ರಷ್ಯಾ, ಉಕ್ರೇನ್‌ನಿಂದ.

ಒಂದು ಹೆಕ್ಟೇರ್ ತಾಳೆ ತೋಟ ಮೂರೂವರೆ, ನಾಲ್ಕು ಟನ್ ಎಣ್ಣೆ ಕೊಡುತ್ತದೆ. ಮಳೆಯಾಶ್ರಿತ ಕಡಲೆಕಾಯಿ ಹೊಲ ಒಂದು ಟನ್ನಿನ ಹತ್ತಿರಕ್ಕೂ ಬರುವುದಿಲ್ಲ. ಹೀಗಿರುವಾಗ ಬೆಲೆಯಲ್ಲಿ ಪೈಪೋಟಿ ಎಂಬುದೇ ಇಲ್ಲ. ಕಡಲೆಕಾಯಿ ಎಣ್ಣೆ ‘ಗಾಣದ ಎಣ್ಣೆ’ ಎಂಬ ಹೆಸರಿನಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಹೋಯಿತು. ಅದನ್ನು ಬೆಳೆದ ಊರಿನ ಬಾಂಡಲಿಯಲ್ಲಿ ಕಾಯುವುದು ಪ್ಯಾಕೆಟ್ ಎಣ್ಣೆ. ರೇಷನ್ ಅಂಗಡಿಯಲ್ಲೇ ತಾಳೆ ಎಣ್ಣೆ ಹಂಚಿದ ಕಾಲವೂ ಇತ್ತು. ಕೂಲಿ ಕಳೆದುಕೊಂಡ ಮನೆಗೇ ಅಗ್ಗದ ಎಣ್ಣೆ ಸಿಕ್ಕಿತು ಎಂಬುದನ್ನು ಆಮದಿನ ವಿರುದ್ಧ ಮಾತಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಎಣ್ಣೆ ಅಗ್ಗವಾಯಿತು ಎಂದು ಕೊಂಡಾಡುವವರು ಮೊದಲರ್ಧವನ್ನು ಹೇಳುವುದಿಲ್ಲ.

ಎಲ್ಲ ತಪ್ಪನ್ನೂ ಪಾಮಾಯಿಲ್ ತಲೆಗೆ ಕಟ್ಟುವುದೂ ಸರಿಯಲ್ಲ. 2000ನೇ ಇಸವಿಯ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ಕಡಲೆಕಾಯಿಗೆ ಕಾಂಡ ಕೊಳೆಸುವ ನಂಜು ರೋಗ ತಗುಲಿ ಸುಮಾರು 2.25 ಲಕ್ಷ ಹೆಕ್ಟೇರ್ ಬೆಳೆ ಕೆಟ್ಟಿತು. ಬರ, ಎಲೆ ಸುರುಳಿ ಹುಳು, ಕಾಡುಹಂದಿ, ಏರಿದ ಕೂಲಿ, ದಶಕಗಳಿಂದ ಬದಲಾಗದ ಬಿತ್ತನೆ ತಳಿ, ಇವೆಲ್ಲ ಸೇರಿಯೇ ರೈತ ಮೆಕ್ಕೆಜೋಳ, ತೊಗರಿಯ ಕಡೆ ತಿರುಗಿದ್ದು. ಇನ್ನೊಂದು ತಮಾಷೆ: ಎಣ್ಣೆಗೆ ಬೇಡವಾದ ಭಾರತದ ಕಡಲೆಬೀಜ ತಿನ್ನಲು ಬೇಕಾಗಿ ದೊಡ್ಡ ಪ್ರಮಾಣದಲ್ಲಿ ಹೊರಗೆ ಹೋಗುತ್ತದೆ. ಅದನ್ನು ಹೆಚ್ಚು ಕೊಳ್ಳುವ ದೇಶಗಳ ಸಾಲಿನಲ್ಲಿ ಮುಂದಿರುವುದು ತಾಳೆ ಎಣ್ಣೆ ಮಾರುವ ಇಂಡೋನೇಷ್ಯಾವೇ.

ಗೂಡು ಬೆಳೆಯುವವರು, ಸೀರೆ ನೇಯುವವರು

ಆಮದಿನ ಪ್ರಶ್ನೆಗೆ ಒಂದೇ ಉಪವಿಭಾಗದೊಳಗೆ ಎರಡು ಉತ್ತರ ಸಿಗುವುದು ರೇಷ್ಮೆಯಲ್ಲಿ.

ಮಧುಗಿರಿ, ಕೊರಟಗೆರೆ, ಶಿರಾದಲ್ಲಿ ಬೋರ್‌ವೆಲ್ ನೀರಿದ್ದ ಕಡೆ ಹಿಪ್ಪುನೇರಳೆ ಇದೆ. ಚಾಕಿ ಹುಳು ತಂದು, ಸೊಪ್ಪು ಹಾಕಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ಒಯ್ದು ಲಾಟು ಹಾಕಿದರೆ ತಿಂಗಳೊಳಗೆ ನಗದು. ರಾತ್ರಿ ಎದ್ದು ಸೊಪ್ಪು ಹಾಕುವ ಈ ಕೆಲಸ ಬಹುಪಾಲು ಹೆಂಗಸರದು. ಒಂದು ಕಿಲೋ ಕಚ್ಚಾ ರೇಷ್ಮೆಯ ಹಿಂದೆ ತೋಟದಿಂದ ನೂಲು ಬಿಚ್ಚಾಣಿಕೆವರೆಗೆ 11 ಆಳುದಿನಗಳ ದುಡಿಮೆ ಇದೆ ಎಂಬುದು ಕೇಂದ್ರ ರೇಷ್ಮೆ ಮಂಡಳಿಯ ಲೆಕ್ಕ.

ಚೀನಾದ ರೇಷ್ಮೆ ಅಗ್ಗ, ಎಳೆ ಸಮ. ಅದು ಅತಿ ಕಡಿಮೆ ಬೆಲೆಗೆ ಸುರಿಯುತ್ತಿದೆ ಎಂದು 2003ರಲ್ಲಿ ಭಾರತ ಅದರ ಮೇಲೆ ಸುರಿವಿಕೆ ವಿರೋಧಿ (ಆ್ಯಂಟಿ ಡಂಪಿಂಗ್) ಸುಂಕ ಹಾಕಿತು. ಆದರೂ 2009–10ರಲ್ಲಿ ಕಚ್ಚಾ ರೇಷ್ಮೆ ಆಮದು 7,300 ಟನ್ ಮೀರಿತ್ತು. 11 ಆಳುದಿನದ ಸೂತ್ರಕ್ಕೆ ಇದನ್ನು ಗುಣಿಸಿದರೆ ಎಂಟು ಕೋಟಿ ಆಳುದಿನಗಳ ಕೆಲಸ ಒಂದೇ ವರ್ಷದಲ್ಲಿ ಹೊರಗೆ ಹೋಯಿತು ಎಂದಾಗುತ್ತದೆ. ಭಾಷಣಕ್ಕೆ ಚೆನ್ನಾಗಿರುವ ಅಂಕಿ.

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಗೆ ಹೋದರೆ ಆ ಅಂಕಿ ಅಲುಗಾಡುತ್ತದೆ. ಅದು ಕೈಮಗ್ಗದ ಊರು, ರೇಷ್ಮೆ ಸೀರೆಗೆ ಹೆಸರಾದದ್ದು. ಗಡಿಯಾಚೆ ಧರ್ಮಾವರಂ, ಹಿಂದೂಪುರ. ನೇಕಾರನಿಗೆ ನೂಲು ಕಚ್ಚಾ ಮಾಲು. ಅದರ ಬೆಲೆ ಏರಿದರೆ ಮಗ್ಗ ಖಾಲಿ. ಹಾಸಿನ ಎಳೆಗೆ ಚೀನಾ ನೂಲು ಹಾಕಿದರೆ ಎಳೆ ಹರಿಯುವುದು ಕಡಿಮೆ ಎಂದು ಅದನ್ನೇ ಬಯಸುವ ನೇಕಾರರು ದಕ್ಷಿಣದ ತುಂಬ ಇದ್ದಾರೆ. ಹೊರಗಿನಿಂದ ಬಂದ ಪ್ರತಿ ಕಿಲೋ ನೂಲೂ ಒಂದು ಕಡೆ ಸೊಪ್ಪು ಹಾಕುವ ಕೈಯನ್ನು ಬಿಡುವಾಗಿಸಿದರೆ ಇನ್ನೊಂದು ಕಡೆ ಲಾಳಿ ಎಸೆಯುವ ಕೈಗೆ ಕೆಲಸ ಕೊಟ್ಟಿದೆ. ಎಂಟು ಕೋಟಿಯ ಲೆಕ್ಕದಲ್ಲಿ ಈ ಎರಡನೆಯದನ್ನು ಕಳೆದಿಲ್ಲ.

2011–12ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು, ಕೆಲವರು ಹಿಪ್ಪುನೇರಳೆ ಕಿತ್ತರು. 2013ರ ಬಜೆಟ್‌ನಲ್ಲಿ ಸುಂಕ ಶೇ. 15ಕ್ಕೆ ಏರಿತು, ನಡುವೆ 10ಕ್ಕೆ ಇಳಿಯಿತು, 2021ರ ಫೆಬ್ರವರಿಯಲ್ಲಿ ಮತ್ತೆ 15. ಹಿಪ್ಪುನೇರಳೆ ನೆಟ್ಟರೆ ಹದಿನೈದು ವರ್ಷ ಬಾಳುವ ತೋಟ. ಸುಂಕ ಎರಡು ಬಜೆಟ್ ಬಾಳಿದರೆ ಹೆಚ್ಚು.

ಇದರ ನಡುವೆ ಚೀನಾದಲ್ಲೇ ಒಂದು ಬದಲಾವಣೆ ನಡೆಯಿತು. ಅಲ್ಲಿಯ ರೇಷ್ಮೆಯ ತವರು ಪೂರ್ವ ಕರಾವಳಿಯ ಝೆಜಿಯಾಂಗ್, ಜಿಯಾಂಗ್ಸು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಇದೇ ಕರಾವಳಿಯಲ್ಲಿ ಅಮೆರಿಕಕ್ಕೆ ಸರಕು ತಯಾರಿಸುವ ಕಾರ್ಖಾನೆಗಳು ಎದ್ದವು. ಕೂಲಿ ಏರಿತು, ಭೂಮಿ ತುಟ್ಟಿಯಾಯಿತು, ಹುಳು ಸಾಕಲು ಆಳು ಸಿಗದಾಯಿತು. 2006ರಲ್ಲಿ ಚೀನಾ ಸರ್ಕಾರ ಪೂರ್ವದ ಹಿಪ್ಪುನೇರಳೆಯನ್ನು ಪಶ್ಚಿಮಕ್ಕೆ ಸಾಗಿಸುವ ಯೋಜನೆಯನ್ನೇ ಹಾಕಿಕೊಂಡಿತು. ಗ್ವಾಂಗ್‌ಶಿ ಆ ದೇಶದ ಮೊದಲ ಗೂಡು ಪ್ರಾಂತ್ಯವಾಯಿತು. ಚೀನಾದ ರೇಷ್ಮೆ ಮೊದಲಿನಷ್ಟು ಅಗ್ಗವಾಗಿ ಉಳಿಯಲಿಲ್ಲ. ಅಮೆರಿಕದ ಕೊರತೆ ಝೆಜಿಯಾಂಗ್‌ನ ರೈತ ಮಹಿಳೆಯನ್ನು ಕಾರ್ಖಾನೆಗೆ ಎಳೆದದ್ದರಿಂದ ಮಧುಗಿರಿಯ ಗೂಡಿಗೆ ಸ್ವಲ್ಪ ಉಸಿರು ಸಿಕ್ಕಿತು. 2019–20ರಲ್ಲಿ ಭಾರತದ ಆಮದು 3,300 ಟನ್ ಆಸುಪಾಸಿಗೆ ಇಳಿದಿತ್ತು. 2023–24ರಲ್ಲಿ ದೇಶದ ಕಚ್ಚಾ ರೇಷ್ಮೆ ಉತ್ಪಾದನೆ 38,913 ಟನ್. ದ್ವಿತಳಿ ಗೂಡು, ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ ಇದಕ್ಕೆ ಕಾರಣ ಎಂಬುದು ನಿಜ. ಅಷ್ಟೇ ಕಾರಣ ಎಂಬುದು ಇಲಾಖೆಯ ಹೆಮ್ಮೆ.

ತಿರುಮಣಿಯ ಫಲಕಗಳು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕ್ ಇದೆ. ಸಾಮರ್ಥ್ಯ 2,050 ಮೆಗಾವಾಟ್. 2015ರಲ್ಲಿ ಇದಕ್ಕೆಂದೇ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ರಚನೆಯಾಯಿತು. 2018ರ ಮಾರ್ಚ್ 1ರಂದು ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ‘ಶಕ್ತಿ ಸ್ಥಳ’ ಎಂಬ ಹೆಸರಿನಲ್ಲಿ ಉದ್ಘಾಟಿಸಿದರು. 2019ರ ಕೊನೆಗೆ ಪೂರ್ತಿಯಾಯಿತು. ಜಮೀನನ್ನು ಕೊಳ್ಳಲಿಲ್ಲ, ಸುಮಾರು 2,300 ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಐದು ಎಕರೆ ಇದ್ದವನಿಗೆ ಮೊದಲ ವರ್ಷವೇ 1,05,000. ಕಡಲೆಕಾಯಿ ಅಷ್ಟು ಕೊಟ್ಟ ವರ್ಷ ಪಾವಗಡದಲ್ಲಿ ಯಾರ ನೆನಪಿನಲ್ಲೂ ಸುಲಭವಾಗಿ ಬರುವುದಿಲ್ಲ.

ಈ ಪಾರ್ಕ್ ಏಕೆ ಸಾಧ್ಯವಾಯಿತು ಎಂದು ಕೇಳಿದರೆ ಬಿಸಿಲು, ಬಂಜರು ಎಂದು ಉತ್ತರ ಬರುತ್ತದೆ. ಬಿಸಿಲು ಟಿಪ್ಪುವಿನ ಕಾಲದಲ್ಲೂ ಇತ್ತು. ಹೊಸದಾಗಿ ಬಂದದ್ದು ಫಲಕದ ಅಗ್ಗದ ಬೆಲೆ, ಅದನ್ನು ತಂದದ್ದು ಚೀನಾದ ಕಾರ್ಖಾನೆಗಳ ಅತಿ ಉತ್ಪಾದನೆ. ಆ ವರ್ಷಗಳಲ್ಲಿ ಭಾರತದಲ್ಲಿ ಹಾಕಿದ ಫಲಕಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದವು. ತಿರುಮಣಿಯ ರೈತನ ಗುತ್ತಿಗೆ ಹಣ ಬೆಳೆದದ್ದು ಭಾರತದ ಚೀನಾ ಕೊರತೆಯ ಹೊಟ್ಟೆಯಲ್ಲಿ.

ಹೋದ ಕೆಲಸ ಬೇರೆಯವರದು. ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿ ಇಲ್ಲದ ಕೂಲಿಗೆ, ಬೀಳು ಬಿಟ್ಟ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಬೇಲಿ ಬಿತ್ತು. ಪಾರ್ಕ್ ಕಟ್ಟುವಾಗ ಸಾವಿರಾರು ಜನಕ್ಕೆ ಕೆಲಸವಿತ್ತು, ಅವರಲ್ಲಿ ಹೊರ ರಾಜ್ಯದವರೂ ಬಹಳ. ಕಟ್ಟಿದ ಮೇಲೆ ಉಳಿದದ್ದು ಸೆಕ್ಯುರಿಟಿ, ಫಲಕ ತೊಳೆಯುವುದು, ನಡುವೆ ಬೆಳೆದ ಹುಲ್ಲು ಕೊಯ್ಯುವುದು. 13,000 ಎಕರೆ ಬೇಸಾಯಕ್ಕೆ ಬೇಕಿದ್ದ ಆಳುಗಳ ಮುಂದೆ ಇದು ಚೂರು. ಹಾಗೆಂದು ಆ ಬೇಸಾಯ ವರ್ಷವಿಡೀ ಕೆಲಸ ಕೊಡುತ್ತಿತ್ತು ಎಂದೂ ಅಲ್ಲ. ಪಾವಗಡದವರು ಬೆಂಗಳೂರಿಗೆ ಗುಳೆ ಹೋಗುವುದು ಫಲಕಕ್ಕಿಂತ ಹಳೆಯದು.

ದೇಶದೊಳಗೇ ಫಲಕ ಮಾಡಿ ಉದ್ಯೋಗ ಉಳಿಸಿಕೊಳ್ಳುವ ಯತ್ನಕ್ಕೆ ಅಡ್ಡ ಬಂದದ್ದು, ವಿಚಿತ್ರವೆಂದರೆ, ಅಮೆರಿಕ. ರಾಷ್ಟ್ರೀಯ ಸೌರ ಮಿಷನ್‌ನಲ್ಲಿ ಸ್ವದೇಶಿ ಕೋಶ, ಫಲಕಗಳನ್ನೇ ಬಳಸಬೇಕೆಂಬ ಷರತ್ತಿನ ವಿರುದ್ಧ ಅದು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2016ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ಭಾರತದ ವಿರುದ್ಧ ತೀರ್ಪಿತ್ತಿತು. ಅಮೆರಿಕದ ಕೆಲವು ರಾಜ್ಯಗಳೂ ಇಂಥದೇ ಸ್ವದೇಶಿ ಷರತ್ತು ಇಟ್ಟಿವೆ ಎಂದು ಭಾರತ ಕೊಟ್ಟ ದೂರಿನಲ್ಲಿ 2019ರಲ್ಲಿ ಭಾರತ ಗೆದ್ದಿತು. ಆ ಹೊತ್ತಿಗೆ ಮಾರುಕಟ್ಟೆ ಚೀನಾದ ಕೈಯಲ್ಲಿತ್ತು. ಭಾರತ 2018ರ ಜುಲೈನಲ್ಲಿ ಶೇ. 25ರ ರಕ್ಷಣಾ ಸುಂಕ ಹಾಕಿತು. 2022ರ ಏಪ್ರಿಲ್ 1ರಿಂದ ಫಲಕಕ್ಕೆ ಶೇ. 40, ಕೋಶಕ್ಕೆ ಶೇ. 25 ಮೂಲ ಸುಂಕ ಬಂತು, ಜೊತೆಗೆ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ. ಇದರಿಂದ ದೇಶದಲ್ಲಿ ಫಲಕ ಕಾರ್ಖಾನೆಗಳು ಎದ್ದಿವೆ, ಹೆಚ್ಚಿನವು ಗುಜರಾತ್, ರಾಜಸ್ಥಾನ, ತಮಿಳುನಾಡಿನಲ್ಲಿ. ಅವಕ್ಕೆ ಬೇಕಾದ ಸಿಲಿಕಾನ್ ಬಿಲ್ಲೆಗಳು ಈಗಲೂ ಬಹುಮಟ್ಟಿಗೆ ಚೀನಾದವೇ.

ಕೊರತೆಯ ಇನ್ನೊಂದು ಬದಿ

ಊರಿನವರು ಬೆಳೆಯುತ್ತಾರೆ, ಊರಿನವರು ತಿನ್ನುವುದಿಲ್ಲ: ಮಿಡಿಸೌತೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ಈ ಒಪ್ಪಂದ ಬೇಸಾಯ ತುಮಕೂರು ಜಿಲ್ಲೆಯಲ್ಲೂ ಹಬ್ಬಿತು. ಬೀಜ, ಗೊಬ್ಬರ, ಔಷಧಿ ಕಂಪನಿಯದು, ದರ ಮೊದಲೇ ನಿಗದಿ. ಕಾಯಿ ಸಣ್ಣದಿದ್ದಷ್ಟೂ ಬೆಲೆ ಹೆಚ್ಚು. ಒಂದು ದಿನ ತಡವಾದರೆ ದಪ್ಪಗಾಗಿ ಕೆಳ ದರ್ಜೆಗೆ ಇಳಿಯುತ್ತದೆ. ಹಾಗಾಗಿ ದಿನವೂ ಕೊಯ್ಲು, ದಿನವೂ ಹೆಣ್ಣಾಳುಗಳಿಗೆ ಕೆಲಸ. ಉಪ್ಪುನೀರು, ವಿನೆಗರ್‌ನಲ್ಲಿ ಹಾಕಿದ ಕಾಯಿ ಅಮೆರಿಕ, ಯುರೋಪ್, ರಷ್ಯಾಕ್ಕೆ. ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾದ ಲೆಕ್ಕದಂತೆ 2020–21ರಲ್ಲಿ ದೇಶದಿಂದ ಹೋದದ್ದು 2.23 ಲಕ್ಷ ಟನ್, ಬೆಲೆ 22.3 ಕೋಟಿ ಡಾಲರ್. ದಕ್ಷಿಣದ ಸುಮಾರು 90,000 ಸಣ್ಣ ರೈತರು ಇದನ್ನು ಬೆಳೆಯುತ್ತಾರೆ.

ಅಮೆರಿಕಕ್ಕೆ ಭಾರತದಿಂದ ಆಗುವ ಕೊರತೆಯಲ್ಲಿ ಈ ಕಾಯಿಯದು ಸಾಸಿವೆ ಕಾಳಿನಷ್ಟು ಪಾಲು. ದೊಡ್ಡ ಪಾಲು ಔಷಧಿ, ವಜ್ರ, ಬಟ್ಟೆ, ಈಚೆಗೆ ಮೊಬೈಲ್‌ನದು. ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ಗಾರ್ಮೆಂಟ್ಸ್ ಮಧುಗಿರಿ, ಕೊರಟಗೆರೆಗೆ ದೂರವಲ್ಲ. ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಘಟಕದಲ್ಲಿ 2025ರಲ್ಲಿ ಐಫೋನ್ ಜೋಡಣೆ ಶುರುವಾಯಿತು. ಜೋಡಿಸುವ ಕೈ ಇಲ್ಲಿಯದು, ಬಿಡಿಭಾಗಗಳಲ್ಲಿ ದೊಡ್ಡ ಪಾಲು ಚೀನಾದಿಂದ. ಫೋನು ರಫ್ತಾದಾಗ ಅಮೆರಿಕದೊಡನೆ ಭಾರತದ ಮಿಗತೆ ಬೆಳೆಯುತ್ತದೆ, ಅದೇ ಫೋನಿನ ಹೊಟ್ಟೆಯೊಳಗಿನದರಿಂದ ಚೀನಾದೊಡನೆ ಕೊರತೆಯೂ ಬೆಳೆಯುತ್ತದೆ. ಚೀನಾದೊಡನೆಯ ಈ ಕೊರತೆಯನ್ನು ಕಡಿದರೆ ಜೋಡಣೆಯ ಕೆಲಸವೂ ಕಡಿದುಹೋಗುತ್ತದೆ.

2025ರ ಏಪ್ರಿಲ್ 2ರಂದು ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಭಾರತಕ್ಕೆ ಶೇ. 26ರ ‘ಪ್ರತಿಸುಂಕ’ ಘೋಷಿಸಿದರು. ಸೂತ್ರ ಸರಳ: ಭಾರತದೊಡನೆ ಇರುವ ಕೊರತೆಯನ್ನು ಭಾರತದಿಂದ ಬರುವ ಆಮದಿನಿಂದ ಭಾಗಿಸಿದರೆ ಶೇ. 52, ಅದರ ಅರ್ಧ 26. ಸಂತೆಯಲ್ಲಿ ಅಂಗಡಿಯವನ ಲೆಕ್ಕವೊಂದನ್ನೇ ಹಿಡಿದು ದಂಡ ಹಾಕಿದಂತೆ. ಜಾರಿಗೆ ಬಂದದ್ದು ಆಗಸ್ಟ್ 7ರಿಂದ ಶೇ. 25, ರಷ್ಯಾದ ತೈಲ ಕೊಂಡದ್ದಕ್ಕೆ ಆಗಸ್ಟ್ 27ರಿಂದ ಇನ್ನೂ 25 ಬಿತ್ತು. ಮೊಬೈಲು, ಔಷಧಿಗೆ ವಿನಾಯಿತಿ ಸಿಕ್ಕಿತು. ಅಂದರೆ ಪೆಟ್ಟು ಹೆಚ್ಚು ಬಿದ್ದದ್ದು ಹೊಲಿಗೆ ಯಂತ್ರದ ಮುಂದೆ ಕೂತವರಿಗೆ, ಕೊರತೆಯ ದೊಡ್ಡ ಪಾಲಿಗಲ್ಲ.

ಜನ ಎಲ್ಲಿಗೆ ಹೋಗುತ್ತಾರೆ

ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಆಮದು ಮತ್ತು ಉದ್ಯೋಗದ ಚರ್ಚೆಯ ದಿಕ್ಕು ಬದಲಿಸಿತು. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ 1.7 ಕೋಟಿಗೂ ಹೆಚ್ಚು ಜನ ಇದ್ದರು, 2010ರಲ್ಲಿ 1.15 ಕೋಟಿ. ಇದರಲ್ಲಿ ಯಂತ್ರಗಳ ಪಾಲು, 2008ರ ಕುಸಿತದ ಪಾಲು ಎಲ್ಲ ಇದೆ. ಚೀನಾ ಆಮದಿನಿಂದ 1999–2011ರಲ್ಲಿ ಹೋದದ್ದು 20ರಿಂದ 24 ಲಕ್ಷ ಕೆಲಸ ಎಂದು 2016ರ ಇನ್ನೊಂದು ಅಧ್ಯಯನ ಅಂದಾಜಿಸಿತು. ಹೆಚ್ಚು ಬೆರಗು ತಂದದ್ದು ಸಂಖ್ಯೆಗಿಂತ ಮತ್ತೊಂದು: ಪೀಠೋಪಕರಣ, ಬಟ್ಟೆ ಕಾರ್ಖಾನೆ ಮುಚ್ಚಿದ ಪಟ್ಟಣಗಳ ಜನ ಬೇರೆಡೆಗೆ ಹೋಗಲೇ ಇಲ್ಲ. ಅಲ್ಲೇ ಉಳಿದು ಕಡಿಮೆ ಕೂಲಿಗೆ, ಸರ್ಕಾರಿ ಪಿಂಚಣಿಗೆ ಒಗ್ಗಿಕೊಂಡರು.

ಭಾರತದ ಬಗ್ಗೆ ಪೆಟಿಯಾ ತೋಪಲೋವಾ 2010ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 1990ರಲ್ಲಿ ಶೇ. 80 ಮೀರಿದ್ದ ಸರಾಸರಿ ಸುಂಕ 1996ಕ್ಕೆ 37ಕ್ಕೆ ಇಳಿದಾಗ, ಆ ಇಳಿಕೆಗೆ ಹೆಚ್ಚು ಒಡ್ಡಿಕೊಂಡ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಕಡಿಮೆಯಾಗುವ ವೇಗ ತಗ್ಗಿತು ಎಂಬುದು ಅದರ ಸಾರ. ಬಡತನ ಹೆಚ್ಚಿತು ಎಂದಲ್ಲ, ಬೇರೆ ಜಿಲ್ಲೆಗಳಷ್ಟು ಬೇಗ ಇಳಿಯಲಿಲ್ಲ.

ಪಾವಗಡದವರು ಅಮೆರಿಕದ ಆ ಪಟ್ಟಣದವರಂತಲ್ಲ, ಬಸ್ಸು ಹತ್ತುತ್ತಾರೆ. ಆದರೆ ಹತ್ತುವವರು ಹರೆಯದವರು. ಕಾಯಿ ಒಡೆಯುತ್ತಿದ್ದ ಅರವತ್ತರ ಹೆಂಗಸು ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಲೇತ್ ಹಿಡಿಯುವುದಿಲ್ಲ. ತುಮಕೂರು ಪಕ್ಕದ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ, 2014ರಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್ ಎಲ್ಲ ಬಂದಿವೆ. ಕೊರಟಗೆರೆ, ಶಿರಾದ ಹುಡುಗರಿಗೆ ಅದು ದಿನವೂ ಹೋಗಿಬರುವ ದೂರ, ಪಾವಗಡದವರಿಗಲ್ಲ.

ಸುಂಕದ ಏರಿಳಿತ

ಸುಂಕ ಕೆಲಸ ಉಳಿಸುತ್ತದೆಯೇ? ಉಳಿಸುತ್ತದೆ, ಬೆಲೆ ತೆರಬೇಕು. 2018ರಲ್ಲಿ ಅಮೆರಿಕ ಬಟ್ಟೆ ಒಗೆಯುವ ಯಂತ್ರಗಳಿಗೆ ಹಾಕಿದ ಸುಂಕದಿಂದ ಸುಮಾರು 1,800 ಹೊಸ ಕೆಲಸ ಹುಟ್ಟಿದವು. ಗ್ರಾಹಕರು ತೆತ್ತ ಹೆಚ್ಚುವರಿ ಹಣವನ್ನು ಹಂಚಿದರೆ ಕೆಲಸವೊಂದಕ್ಕೆ 8,15,000 ಡಾಲರ್ ಆಯಿತೆಂದು ಅಧ್ಯಯನಕಾರರು ಲೆಕ್ಕ ಹಾಕಿದ್ದಾರೆ.

ನಮ್ಮ ಸೀಮೆಯಲ್ಲಿ ಗಟ್ಟಿ ಗೋಡೆಯೊಳಗೆ ಬೆಳೆದದ್ದು ಅಡಿಕೆ. ಆಮದು ಸುಂಕ ಶೇ. 100, ಅದರ ಮೇಲೆ ಕನಿಷ್ಠ ಆಮದು ಬೆಲೆ, 2017ರಲ್ಲಿ ಕಿಲೋಗೆ 251 ರೂಪಾಯಿ, 2023ರ ಫೆಬ್ರವರಿಯಿಂದ 351. ಈ ಭರವಸೆಯ ಮೇಲೆ ಕೊರಟಗೆರೆ, ಶಿರಾ, ಮಧುಗಿರಿಯಲ್ಲಿ ಒಣಭೂಮಿಯೂ ತೋಟವಾಯಿತು. ತೋಟದ ಫಸಲು ಗುತ್ತಿಗೆ ಹಿಡಿಯುವ ಚೇಣಿದಾರರು, ಕೊನೆ ಇಳಿಸುವವರು, ಸುಲಿಯುವ ಹೆಂಗಸರು, ಎಲ್ಲರಿಗೂ ಕೆಲಸ. ಬೋರ್‌ವೆಲ್ ಮಾತ್ರ ಸಾವಿರ ಅಡಿ ದಾಟಿತು. ಗೋಡೆ ಕಟ್ಟಿದ್ದು ವಾಣಿಜ್ಯ ಸಚಿವಾಲಯ, ಕಂತು ಕಟ್ಟುತ್ತಿರುವುದು ಅಂತರ್ಜಲ.

ಎಣ್ಣೆಯ ವಿಷಯದಲ್ಲಿ ಗೋಡೆಗೆ ನಿಲುಗಡೆಯೇ ಇಲ್ಲ. ತಾಳೆ ಎಣ್ಣೆಗೆ ಶೇ. 300ರವರೆಗೆ ಸುಂಕ ಹಾಕಲು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ಭಾರತಕ್ಕೆ ಅವಕಾಶವಿದೆ, ಸೋಯಾ ಎಣ್ಣೆಗೆ 45ರವರೆಗೆ ಮಾತ್ರ. 2008ರಲ್ಲಿ ಬೆಲೆ ಏರಿದಾಗ ಕಚ್ಚಾ ಖಾದ್ಯ ಎಣ್ಣೆಯ ಸುಂಕ ಸೊನ್ನೆಯಾಯಿತು. 2018ರ ಮಾರ್ಚ್‌ನಲ್ಲಿ ಕಚ್ಚಾ ತಾಳೆ ಎಣ್ಣೆಗೆ ಶೇ. 44. ಉಕ್ರೇನ್ ಯುದ್ಧ, 2022ರ ಏಪ್ರಿಲ್–ಮೇನಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿದ್ದು, ಇವುಗಳ ಬಿಸಿಯಲ್ಲಿ, ಅಷ್ಟರೊಳಗೆ ಮತ್ತೆ ಸೊನ್ನೆಗಿಳಿದಿದ್ದ ಮೂಲ ಸುಂಕ ಅಲ್ಲೇ ಉಳಿಯಿತು. 2024ರ ಸೆಪ್ಟೆಂಬರ್‌ನಲ್ಲಿ ರೈತರಿಗೆಂದು ಮೂಲ ಸುಂಕ ಶೇ. 20 ಆಯಿತು. 2025ರ ಮೇ 30ರಂದು ಗ್ರಾಹಕರಿಗೆಂದು ಅದನ್ನು 10ಕ್ಕೆ ಇಳಿಸಿದರು. ಪಾವಗಡದಲ್ಲಿ ಆಗ ಕಡಲೆಕಾಯಿ ಬಿತ್ತನೆಗೆ ಇನ್ನೂ ಕೆಲವು ವಾರಗಳಿದ್ದವು. ಬೀಜ ಒಡೆಯುವ ಕೆಲಸ ಜಗಲಿಗಳ ಮೇಲೆ ನಡೆಯುವ ಹೊತ್ತು ಅದು.